ಅಮ್ಮನ ಪೆನ್ನು, ಮಗಳ ಪೆನ್ಸಿಲು

ಪ್ರಶ್ನೆ: ಟೀಚರ್, ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮಗಳು ಈ ಜೂನಿನಲ್ಲಿ ಕನ್ನಡ ಮೀಡಿಯಂನಲ್ಲಿ ಒಂದನೇ ಕ್ಲಾಸಿಗೆ ಸೇರಿದಳು. ಮನೆಯಲ್ಲಿ ತುಳು ಮಾತಾಡುವುದು. ಅಂಗನವಾಡಿಯಲ್ಲಿ ಜಾಸ್ತಿ ಮಲಯಾಳವೇ ಇತ್ತು. ಗಂಡ ದುಬೈಯಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಮಗಳು ಮಾತ್ರ. ನಾನು ಏಳನೇವರೆಗೆ ಓದಿದ್ದು, ಬೀಡಿ ಕಟ್ಟುತ್ತೇನೆ. ಅತ್ತೆಗೆ ಓದು ಬರಹ ಇಲ್ಲ. ಶಾಲೆಯಲ್ಲಿ ಸಂಯುಕ್ತ ಡೈರಿ ಬರೆಯಬೇಕು ಅಂತ ಹೇಳಿದ್ದಾರೆ. ಮಗಳಿಗೆ ಹತ್ತು ಅಕ್ಷರವೂ ಸರಿಯಾಗಿ ಬರುವುದಿಲ್ಲ. ನಾನೇ ಬರೆದು ಕೊಡುತ್ತೇನೆ, ಅವಳು ನೋಡಿ ಬರೆಯುತ್ತಾಳೆ, ಬರೆಯುತ್ತಾ ಅಳುತ್ತಾಳೆ. ಪಕ್ಕದ ಮನೆಯ ಇಂಗ್ಲಿಷ್ ಮೀಡಿಯಂ ಹುಡುಗ ಎ ಬಿ ಸಿ ಡಿ ಪೂರ್ತಿ ಬರೆದು ಸ್ಪೆಲ್ಲಿಂಗ್ ಕೂಡ ಹೇಳುತ್ತಾನೆ. ಮನೆಯಲ್ಲಿ ತುಳು ಬಿಟ್ಟು ಕನ್ನಡ ಮಾತಾಡಬೇಕಾ? ಟ್ಯೂಷನ್‌ಗೆ ಹಾಕಬೇಕಾ? ನನ್ನಿಂದ ಇವಳಿಗೆ ಏನು ಹೇಳಿಕೊಡಲಿಕ್ಕೆ ಆಗುತ್ತದೆ?

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ನಾನೇ ಮಾಡಿದ ಒಂದು ಎಡವಟ್ಟು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು. ಒಂದನೇ ಕ್ಲಾಸಿನಲ್ಲಿ ಮನೆಯ ಚಿತ್ರ ಹಿಡಿದು, "ಇದೇನು?" ಅಂತ ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ಇಲ್ಲ್" ಅಂದ. "ಇಲ್ಲ ಅಂದರೆ ಹೇಗೆ? ಇದೆಯಲ್ಲ, ಸರಿಯಾಗಿ ನೋಡು" ಅಂದೆ. ಅವನು ಮತ್ತೆ "ಇಲ್ಲ್" ಅಂದ. ನಾನು ಮೂರನೇ ಸಲ ಕೇಳಿದೆ. ಅವನು ಕೂತುಬಿಟ್ಟ. ಆ ವಾರ ಪೂರ್ತಿ ಬಾಯಿ ಬಿಡಲಿಲ್ಲ. ತುಳುವಿನಲ್ಲಿ ಇಲ್ಲ್ ಅಂದರೆ ಮನೆ ಅಂತ ನನಗೆ ಗೊತ್ತಿಲ್ಲದ್ದಲ್ಲ. ಕ್ಲಾಸಿನ ಹೊಸ್ತಿಲು ದಾಟಿದ ಕೂಡಲೇ ನನ್ನ ಕಿವಿ ಕನ್ನಡದ್ದು ಮಾತ್ರ ಆಗಿತ್ತು. ಹುಡುಗ ಸರಿ ಉತ್ತರವನ್ನೇ ಎರಡು ಸಲ ಹೇಳಿ ತಪ್ಪಿತಸ್ಥನಾದ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಖಂಡಿತ ಬೇಡ. ತುಳು ಬಿಡಬೇಡಿ.

ಅಕ್ಷರ ಕಲಿಯುವುದು ಅಂದರೆ ಬಾಯಲ್ಲಿ ಇರುವ ಮಾತಿಗೆ ಗುರುತು ಹಾಕುವುದು. ಬಾಯಲ್ಲಿ ಮಾತೇ ಇಲ್ಲದಿದ್ದರೆ ಗುರುತು ಯಾವುದಕ್ಕೆ ಹಾಕುವುದು? ನಿಮ್ಮ ಮಗಳು ಐದು ವರ್ಷದಿಂದ ತುಳುವಿನಲ್ಲಿ ಕಾರಣ ಹೇಳಿದ್ದಾಳೆ, ಚಾಡಿ ಹೇಳಿದ್ದಾಳೆ, ಸುಳ್ಳು ಹೇಳಿದ್ದಾಳೆ, ಮೊದಲು ಏನಾಯಿತು ಆಮೇಲೆ ಏನಾಯಿತು ಅಂತ ಸಾಲಾಗಿ ಹೇಳಲು ಕಲಿತಿದ್ದಾಳೆ. ಶಾಲೆಗೆ ಬೇಕಾದ ಬಂಡವಾಳ ಅದೇ. ನೀವು ಈಗ ಒಮ್ಮೆಲೇ ಕನ್ನಡಕ್ಕೆ ಹೊರಳಿದರೆ ನಿಮ್ಮ ಮಾತೂ ಗಿಡ್ಡವಾಗುತ್ತದೆ. "ಬಾ, ಕೂರು, ಬರೆ, ತಿನ್ನು." ನಾಲ್ಕು ಆಜ್ಞೆ ಬಿಟ್ಟರೆ ಮತ್ತೇನೂ ಉಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಮಗುವಿನ ಜತೆ ಇಂಗ್ಲಿಷ್ ಮಾತಾಡಲು ಹೊರಟವರ ಮನೆಯಲ್ಲಂತೂ ಇನ್ನೂ ಕಷ್ಟ.

ಕನ್ನಡ ಶಾಲೆಯಲ್ಲಿ ಬರುತ್ತದೆ, ಆಟದಲ್ಲಿ ಬರುತ್ತದೆ. ತುಳುವಿನಿಂದ ಕನ್ನಡಕ್ಕೆ ದೂರವೂ ಜಾಸ್ತಿ ಇಲ್ಲ. ನನ್ನ ಕ್ಲಾಸಿನಲ್ಲಿ ಒಂದು ಆಟ ಆಡಿಸುತ್ತಿದ್ದೆ. ನಾನು "ಪೂ" ಅನ್ನುವುದು, ಮಕ್ಕಳು "ಹೂ" ಅನ್ನುವುದು. ಪಕ್ಕಿ, ಹಕ್ಕಿ. ಪುಳಿ, ಹುಳಿ. ತುಳುವಿನ ಪ ಕನ್ನಡದಲ್ಲಿ ಎಷ್ಟೋ ಕಡೆ ಹ ಆಗುತ್ತದೆ. ಎರಡು ದಿನದಲ್ಲಿ ಮಕ್ಕಳೇ ಹೊಸ ಜೋಡಿ ಹುಡುಕಿ ತರುತ್ತಿದ್ದರು. ಕೆಲವೊಮ್ಮೆ ಪುಚ್ಚೆಯನ್ನು "ಹುಚ್ಚೆ" ಮಾಡಿ ಇಡೀ ಕ್ಲಾಸು ನಗುತ್ತಿತ್ತು. ಬೆಕ್ಕಿಗೆ ಆ ಲೆಕ್ಕ ನಡೆಯುವುದಿಲ್ಲ ಅಂತ ಅವರಿಗೇ ಗೊತ್ತಾಗುತ್ತಿತ್ತು. ಇದನ್ನು ನಿಮ್ಮ ಅತ್ತೆಯ ಜತೆ ಆಡಿ ನೋಡಿ. ಮನೆಯ ಮಾತೂ ಶಾಲೆಯ ಮಾತೂ ನೆಂಟರು ಅಂತ ಮಗುವಿಗೆ ಗೊತ್ತಾದರೆ ಅರ್ಧ ಹೆದರಿಕೆ ಹೋಯಿತು.

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯನ್ನೂ ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅಂತ ಅದು ಹೇಳುತ್ತದೆ. ನಮ್ಮಲ್ಲಿ ಕನ್ನಡ ಮೀಡಿಯಂ ಶಾಲೆಗಳ ಮಾತು ಬಂದಾಗ ಈ ವಿಧಿಯ ಹೆಸರೂ ಬರುತ್ತದೆ. ಆದರೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳಿಗೆ ಕನ್ನಡವೂ ಎರಡನೆಯ ಭಾಷೆಯೇ ಅಲ್ವಾ? ಇದನ್ನು ನಮ್ಮ ಕನ್ನಡ ಟೀಚರುಗಳು, ನಾನೂ ಸೇರಿ, ಎಷ್ಟೋ ಸಲ ಮರೆಯುತ್ತೇವೆ.

ಈಗ ಡೈರಿಯ ವಿಷಯ. ಅಳು ಬರುತ್ತಿರುವುದು ಅಲ್ಲಿಂದ.

ಸಂಯುಕ್ತ ಅಂದರೆ ಇಬ್ಬರೂ ಸೇರಿ. ಮಗುವಿಗೆ ಬರುವ ಅಕ್ಷರ, ಪದ ಮಗು ಪೆನ್ಸಿಲಿನಲ್ಲಿ ಬರೆಯಬೇಕು. ಬಾರದ್ದನ್ನು ದೊಡ್ಡವರು ಪೆನ್ನಿನಲ್ಲಿ ತುಂಬಿಸಬೇಕು. ಜತೆಗೆ ಒಂದು ಚಿತ್ರ. ಸುರುವಿಗೆ ಪುಟದ ತುಂಬ ಪೆನ್ನೇ ಇರುತ್ತದೆ, ಪೆನ್ಸಿಲು ಅಲ್ಲಲ್ಲಿ. ಬರುಬರುತ್ತಾ ಪೆನ್ಸಿಲು ಜಾಸ್ತಿಯಾಗಿ ಪೆನ್ನು ಕಡಿಮೆಯಾಗಬೇಕು. ಆ ಬದಲಾವಣೆ ಕಣ್ಣಿಗೆ ಕಾಣಲಿ ಅಂತಲೇ ಪೆನ್ನು ಬೇರೆ, ಪೆನ್ಸಿಲು ಬೇರೆ. ನೀವು ಪೂರ್ತಿ ಬರೆದು ಅವಳು ಅದನ್ನು ಕಾಪಿ ಮಾಡಿದರೆ ಅದು ಸಂಯುಕ್ತ ಆಗಲಿಲ್ಲ, ಕಾಪಿ ಪುಸ್ತಕ ಆಯಿತು.

ಒಂದನೇ ಕ್ಲಾಸಿನ ಡೈರಿಗಳನ್ನು ನಾನು ರಾಶಿಗಟ್ಟಲೆ ನೋಡಿದ್ದೇನೆ. "ನಾನು ಬೆಳಿಗ್ಗೆ ಎದ್ದೆ. ಹಲ್ಲುಜ್ಜಿದೆ. ತಿಂಡಿ ತಿಂದೆ. ಶಾಲೆಗೆ ಹೋದೆ." ಮರುದಿನ ಮತ್ತೆ ಅದೇ. ಅಕ್ಷರ ಮುದ್ದಾಗಿದೆ, ತಪ್ಪಿಲ್ಲ, ಮಗು ಮಾತ್ರ ಎಲ್ಲೂ ಇಲ್ಲ. ಇಂಥ ಪುಟಕ್ಕಿಂತ ಒಂದೇ ಒಂದು ವಕ್ರ ಸಾಲು ಇರುವ ಪುಟ ನನಗೆ ಇಷ್ಟ.

ನೀವು ಹೀಗೆ ಮಾಡಿ. ಡೈರಿ ಬಿಡಿಸುವ ಮೊದಲು ಮಾತು. ಅದೂ ತುಳುವಿನಲ್ಲಿ. "ಇನಿ ದಾದ ಮಲ್ತ?" (ಇವತ್ತು ಏನು ಮಾಡಿದೆ?) ಅಂತ ಕೇಳಿದರೆ "ಏನೂ ಇಲ್ಲ" ಅಂತಾಳೆ. ಎಲ್ಲ ಮಕ್ಕಳೂ ಹಾಗೆಯೇ. ಅದರ ಬದಲು ನಿಮ್ಮ ಸುದ್ದಿ ಮೊದಲು ಹೇಳಿ. "ಮಧ್ಯಾಹ್ನ ಗಾಳಿ ಬಂತು, ತೋಟದ ಕಡೆ ದೊಡ್ಡ ಸದ್ದು." ಅಷ್ಟು ಹೇಳಿ ಸುಮ್ಮನಿರಿ. ಅವಳು ಬಾಯಿ ಹಾಕುತ್ತಾಳೆ. ಆಮೇಲೆ ನಿಮ್ಮ ಕೆಲಸ ಒಂದೇ, "ಬೊಕ್ಕ?" (ಮತ್ತೆ?) ಅನ್ನುವುದು. ಬೊಕ್ಕ, ಬೊಕ್ಕ ಅಂತ ಮೂರು ಸಲ ಕೇಳಿದರೆ ಒಂದು ಕತೆ ಹೊರಗೆ ಬರುತ್ತದೆ. ನಡುವೆ ತಿದ್ದಬೇಡಿ.

ಆ ಕತೆಯಿಂದ ಒಂದೇ ವಾಕ್ಯ ಅವಳೇ ಆರಿಸಲಿ. "ಅಡಿಕೆ ಮರ ಬಿತ್ತು." ಇಷ್ಟು ಸಾಕು. ಮೊದಲು ಚಿತ್ರ ಬಿಡಿಸಲಿ. ಆಮೇಲೆ ವಾಕ್ಯವನ್ನು ನಿಧಾನ ಹೇಳಿ. ಅಡಿಕೆ ನೀವು ಪೆನ್ನಿನಲ್ಲಿ ಬರೆಯಿರಿ. "ಮರ" ಅವಳಿಗೆ ಬರುತ್ತದೆ, ಪೆನ್ಸಿಲಿನಲ್ಲಿ ಬರೆಯಲಿ. ಮ ಮಾತ್ರ ಬಂದರೆ ಮ ಮಾತ್ರ ಬರೆಯಲಿ, ರ ನೀವು ಬರೆಯಿರಿ. ಬಿತ್ತು ನಿಮ್ಮದು. ಕೊನೆಗೆ ಬೆರಳಿಟ್ಟು ಇಬ್ಬರೂ ಒಟ್ಟಿಗೆ ಓದಿ. ಹತ್ತು ಹದಿನೈದು ನಿಮಿಷದ ಕೆಲಸ. ಅಂದಹಾಗೆ ಮರ ಅನ್ನುವ ಮಾತು ಕನ್ನಡದಲ್ಲೂ ತುಳುವಿನಲ್ಲೂ ಒಂದೇ, ಮಲಯಾಳದಲ್ಲಿ ಮರಂ. ನಿಮ್ಮ ಮಗಳು ಒಂದು ಪದ ಬರೆದು ಮೂರು ಭಾಷೆಯಲ್ಲಿ ಬರೆದ ಹಾಗಾಯಿತು.

ಎರಡು ತಿಂಗಳ ಮೇಲೆ ಅವಳೇ ಇಡೀ ವಾಕ್ಯ ಬರೆಯಲು ಹೋಗುತ್ತಾಳೆ. "ಮರ ಬಿತು" ಅಂತ ಒತ್ತು ಬಿಟ್ಟು ಬರೆಯುತ್ತಾಳೆ. ರಬ್ಬರ್ ಹುಡುಕಬೇಡಿ. ಅದು ತಪ್ಪಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಪುಟ ಅವಳದ್ದು. ಮರುದಿನ ನಿಮ್ಮ ಪಾಲಿನ ಸಾಲಿನಲ್ಲಿ ಅದೇ ಪದ ತನ್ನಿ. "ತೆಂಗಿನಕಾಯಿಯೂ ಬಿತ್ತು" ಅಂತ ಪೆನ್ನಿನಲ್ಲಿ ಸರಿಯಾಗಿ ಬರೆಯಿರಿ, ಒಟ್ಟಿಗೆ ಓದಿ. ನಾಲ್ಕಾರು ಸಲ ಕಣ್ಣಿಗೆ ಬಿದ್ದ ಮೇಲೆ ಒತ್ತು ತಾನಾಗಿ ಸೇರುತ್ತದೆ. ಕೆಂಪು ಗೆರೆ ಎಳೆದರೆ ಮಗು ಒತ್ತು ಕಲಿಯುವುದಿಲ್ಲ, ಒತ್ತಕ್ಷರ ಇಲ್ಲದ ಪದಗಳನ್ನೇ ಹುಡುಕಿ ಬರೆಯಲು ಕಲಿಯುತ್ತದೆ. ಮಕ್ಕಳು ಅಷ್ಟು ಜಾಣರು.

ಅವಳು ಕೋಳಿಗೆ "ಕೋರಿ" ಅಂತ ಬರೆದರೆ? ಬರೆಯಲಿ. ಇದನ್ನು ಒಪ್ಪದ ಟೀಚರುಗಳು ಇದ್ದಾರೆ. "ಕನ್ನಡ ಡೈರಿಯಲ್ಲಿ ತುಳು ಯಾಕೆ" ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕೋರಿ ಅಂತ ಬರೆದ ಮಗುವಿಗೆ ಕೇಳಿದ ಸದ್ದನ್ನು ಅಕ್ಷರಕ್ಕೆ ಇಳಿಸುವ ಉಪಾಯ ಸಿಕ್ಕಿದೆ. ಒಂದನೇ ಕ್ಲಾಸಿನಲ್ಲಿ ಕಷ್ಟದ ಕೆಲಸ ಅದೇ. ಕೋರಿ ಕೋಳಿಯಾಗಲು ಒಂದು ದಿನ ಸಾಕು.

"ನಾನು ಏಳನೇವರೆಗೆ ಮಾತ್ರ" ಅಂತ ಬರೆದಿದ್ದೀರಿ. ಒಂದನೇ ಕ್ಲಾಸಿನ ಮಗುವಿಗೆ ಏಳನೇ ಕ್ಲಾಸು ಓದಿದ ಅಮ್ಮ ಬೇಕಾದಷ್ಟಾಯಿತು. ಅಷ್ಟೇ ಅಲ್ಲ, ಬೀಡಿ ಕಟ್ಟುವಾಗ ಕೈಗೆ ಮಾತ್ರ ಕೆಲಸ, ಬಾಯಿಗೆ ಬಿಡುವು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಆಫೀಸಿನಿಂದ ಬಂದು ಫೋನು ಹಿಡಿಯುವ ಅಪ್ಪ ಅಮ್ಮಂದಿರಿಗೆ ಆ ಅನುಕೂಲ ಇಲ್ಲ. ಒಂದು ಎಚ್ಚರ ಹೇಳಬೇಕು. ಹೊಗೆಸೊಪ್ಪಿನ ಪುಡಿ ಮಗುವಿನ ಕೈಗೆ, ಮೂಗಿಗೆ ಹೋಗಬಾರದು. ಅವಳನ್ನು ಸ್ವಲ್ಪ ದೂರ, ಗಾಳಿ ಆಡುವ ಕಡೆ ಕೂರಿಸಿ. ಅವಳಿಂದ ಕಟ್ಟಿಸಬೇಡಿ. ಡೈರಿಗೆ ಮೊದಲು ನೀವೂ ಕೈ ಸೋಪು ಹಾಕಿ ತೊಳೆದುಕೊಳ್ಳಿ.

ಲೆಕ್ಕ ಬರುವುದಿಲ್ಲ ಅಂತಲೂ ಹೇಳಬೇಡಿ. 25ರ ಕಟ್ಟು ದಿನಾ ಎಣಿಸುವವರು ನೀವು. ನಾಲ್ಕು ಕಟ್ಟು ಅಂದರೆ 100 ಅಂತ ಯೋಚಿಸದೆ ಹೇಳುತ್ತೀರಿ. ಮಗಳಿಗೆ ಹುಣಸೆ ಬೀಜ ಅಥವಾ ಒಣ ಅಡಿಕೆ ಕೊಡಿ. ಐದೈದರ ಗುಂಪು, ಹತ್ತರ ಗುಂಪು ಮಾಡಲಿ. ಒಂದರಿಂದ ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ "ಏಳು ಅಡಿಕೆ ಕೊಡು" ಅಂದರೆ ಒಂಬತ್ತು ಕೊಡುವುದನ್ನು ನೋಡಿದ್ದೇನೆ. ಮೊದಲು ಕೈಗೆ ಲೆಕ್ಕ ಬರಲಿ.

ಇನ್ನು ನಿಮ್ಮ ಅತ್ತೆ. ಓದು ಬರಹ ಇಲ್ಲ ಅಂತ ಅವರನ್ನು ಈ ವಿಷಯದಿಂದ ಹೊರಗೆ ಇಟ್ಟಿದ್ದೀರಿ ಅಂತ ಕಾಣುತ್ತದೆ. ಆದರೆ ನಿಮ್ಮ ಮನೆಯಲ್ಲಿ ಒಂದನೇ ಕ್ಲಾಸಿಗೆ ಅತಿ ಹೆಚ್ಚು ಬೇಕಾದವರು ಅವರೇ. ಅವರಿಗೆ ಕತೆ ಗೊತ್ತಿರುತ್ತದೆ, ಒಗಟು ಗೊತ್ತಿರುತ್ತದೆ, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟವರಾದರೆ ಪಾಡ್ದನದ, ಅಂದರೆ ತುಳು ಜನಪದ ಕಥನ ಹಾಡಿನ, ನಾಲ್ಕು ಸಾಲಾದರೂ ಬಾಯಲ್ಲಿರುತ್ತದೆ. ಕೇಳಿದ ಕತೆಯನ್ನು ಮಗು ಮರುದಿನ ತಿರುಗಿ ಹೇಳಬೇಕು. ಅಜ್ಜಿ ಬೇಕೆಂದೇ ತಪ್ಪು ಹೇಳಿದರೆ ಮಗು ಹಿಡಿಯಬೇಕು. ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ತುಳುವರ ಆಟಿ ತಿಂಗಳು (ಆಷಾಢದ ಮಳೆಗಾಲ) ಬಂದಿದೆ. ಅಟ್ಟದಲ್ಲಿ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆ ಇದ್ದರೆ ಇಳಿಸಿ ಒರೆಸಿ. 14 ಗುಳಿ, ಒಂದೊಂದರಲ್ಲಿ ನಾಲ್ಕು ಕಾಯಿ, ಒಟ್ಟು 56. ಒಂದು ಗುಳಿಯ ಕಾಯಿ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗುವುದು. ಎಣಿಸುವುದು, ಒಂದಕ್ಕೆ ಒಂದು ಹೊಂದಿಸುವುದು, ಸಾಲು ತಪ್ಪದೆ ಸುತ್ತುವುದು, ಸೊನ್ನೆ ಅಂದರೇನು ಅಂತ ಖಾಲಿ ಗುಳಿ ನೋಡಿ ಅರಿಯುವುದು, ತನ್ನ ಸರದಿಗೆ ಕಾಯುವುದು, ಸೋತರೆ ಮುಖ ಸಪ್ಪೆ ಮಾಡದಿರುವುದು, ಎಲ್ಲವೂ ಅದರಲ್ಲಿದೆ. ಸಣ್ಣ ಕಾಯಿ ಹೆಕ್ಕುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಒಟ್ಟಾಗುತ್ತವೆ. ಪೆನ್ಸಿಲು ಹಿಡಿಯುವುದೂ ಅದೇ ಮೂರು ಬೆರಳಲ್ಲಿ. ಮಣೆ ಇಲ್ಲವಾದರೆ ಅಂಗಡಿಯಿಂದ ಮೊಟ್ಟೆಯ ಟ್ರೇ ತಂದು 14 ಗುಳಿ ಬರುವ ಹಾಗೆ ಕತ್ತರಿಸಿ. ನಾನು ಕ್ಲಾಸಿನಲ್ಲಿ ಹಾಗೆಯೇ ಮಾಡುತ್ತಿದ್ದೆ. ಬೀಜ ಬಾಯಿಗೆ, ಮೂಗಿಗೆ ಹಾಕುವ ಇನ್ನೂ ಚಿಕ್ಕ ಮಗು ಹತ್ತಿರ ಇದ್ದರೆ ಮಾತ್ರ ಜಾಗ್ರತೆ.

ಬೆರಳಿನ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಈ ವಯಸ್ಸಿನಲ್ಲಿ ಕೈಯ ಸಣ್ಣ ಮೂಳೆಗಳು, ಬೆರಳಿನ ಸ್ನಾಯುಗಳು ಇನ್ನೂ ಬಲಿಯುತ್ತಾ ಇರುತ್ತವೆ. ಒಂದು ಪುಟ "ಅ" ಬರೆಸಿದರೆ ಕೈ ನೋಯುತ್ತದೆ. ನಾಲ್ಕನೇ ಸಾಲಿನಿಂದ ಅಕ್ಷರ ಕೆಡುವುದು ಉದಾಸೀನದಿಂದಲ್ಲ, ನೋವಿನಿಂದ. ಅಲಸಂಡೆ ಮುರಿಯಲಿ. ರೊಟ್ಟಿಯ ಹಿಟ್ಟು ನಾದಲಿ. ಮಲ್ಲಿಗೆ ಕಟ್ಟಲು ಬಂದರೆ ಇನ್ನೂ ಒಳ್ಳೆಯದು. ಜಗಲಿಯಲ್ಲಿ ಒದ್ದೆ ಬೆರಳಿನಿಂದ ದೊಡ್ಡ ದೊಡ್ಡ ಅಕ್ಷರ ಬರೆಯಲಿ. ನೆಲ ಒಣಗಿದರೆ ತಪ್ಪೂ ಒಣಗಿಹೋಗುತ್ತದೆ.

ಅಕ್ಷರಮಾಲೆಯನ್ನು ಅ ಆ ಇ ಈಯಿಂದ ಸುರು ಮಾಡಿ ಸಾಲಾಗಿ ಕಲಿಸಬೇಕು ಅಂತ ನಿಮಗೆ ಅನ್ನಿಸಬಹುದು. ನಾವೆಲ್ಲ ಹಾಗೆ ಕಲಿತವರು. ಈಗ ಪಾಠ ಚಿತ್ರದಿಂದ, ಕತೆಯಿಂದ ಸುರುವಾಗಿ, ಅದರಲ್ಲಿ ಬಂದ ಪದಗಳಿಂದ ಅಕ್ಷರಕ್ಕೆ ಬರುತ್ತದೆ. ಆಚೆ ಕರ್ನಾಟಕದ ಸರಕಾರಿ ಶಾಲೆಗಳ ನಲಿ ಕಲಿ ಪದ್ಧತಿಯಲ್ಲೂ ಮೊದಲು ಅ ಆ ಇಲ್ಲ. ರ, ಗ, ಸ, ದ, ಅ ಅಂತ ಸುರು. ಬರೆಯಲು ಸುಲಭ ಮತ್ತು ಕೂಡಲೇ ಪದ ಆಗುತ್ತವೆ ಅನ್ನುವುದು ಕಾರಣ. ಸರ, ಅರಸ, ಅಗಸ, ಗರಗಸ. ಋ ಕಲಿತ ಮಗು ಮನೆಯಲ್ಲಿ ಅದನ್ನು ಎಲ್ಲಿ ಬಳಸಬೇಕು ಹೇಳಿ? ಹಾಗಾಗಿ ಅವಳ ಹೆಸರಿನ ಅಕ್ಷರ, ನಿಮ್ಮ ಹೆಸರಿನ ಅಕ್ಷರ, ಅಜ್ಜಿಯ ಹೆಸರಿನ ಅಕ್ಷರ ಮೊದಲು ಬರಲಿ.

ಪೇಟೆಗೆ ಹೋದಾಗ ಬೋರ್ಡು ಓದಿಸಿ. ನಮ್ಮಲ್ಲಿ ಒಂದೇ ಬೋರ್ಡಿನಲ್ಲಿ ಮಲಯಾಳ, ಕನ್ನಡ, ಇಂಗ್ಲಿಷು ಮೂರೂ ಇರುವುದುಂಟು. ಅಂಗನವಾಡಿಯಲ್ಲಿ ಮಲಯಾಳದ ಅಕ್ಷರ ನೋಡಿದ ಮಗು ಸ್ವಲ್ಪ ದಿನ ಗಲಿಬಿಲಿ ಮಾಡಿಕೊಳ್ಳುವುದು ಸಹಜ. ಮಲಯಾಳದ ಠ ನೋಡಲು ನಮ್ಮ ಸೊನ್ನೆಯ ಹಾಗೆಯೇ ದುಂಡಗಿದೆ. "ಇದು ಯಾರ ಅಕ್ಷರ?" ಅಂತ ಕೇಳಿ ಆಟ ಮಾಡಿ. ಮಲಯಾಳ ಬರುವುದನ್ನು ಅಡ್ಡಿ ಅಂತ ತಿಳಿಯಬೇಡಿ. ಅವಳು ಇಲ್ಲೇ ಬದುಕಬೇಕಾದವಳು, ಬೇಕಾಗುತ್ತದೆ.

ಪಕ್ಕದ ಮನೆಯ ಹುಡುಗನ ವಿಷಯ. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ 49, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತು. ಎಲ್ಲವೂ ಕೈವಶ ಆಗುವಾಗ ಮೂರನೇ ನಾಲ್ಕನೇ ಕ್ಲಾಸು ಆಗುತ್ತದೆ. ಆದರೆ ಕನ್ನಡದಲ್ಲಿ ಬರೆದ ಹಾಗೆ ಓದಬಹುದು. ಒಮ್ಮೆ ಹಿಡಿತ ಸಿಕ್ಕಿದರೆ ಗೊತ್ತಿಲ್ಲದ ಪದವನ್ನೂ ಓದಿಬಿಡುತ್ತಾರೆ. ಆ ಹುಡುಗ ಸ್ಪೆಲ್ಲಿಂಗ್ ಹೇಳುವುದು ಒಳ್ಳೆಯದೇ. ಅವನಿಗೆ ಗೊತ್ತಿಲ್ಲದ ಹೊಸ ಪದ ಒಂದನ್ನು ಕೊಟ್ಟು ನೋಡಿದರೆ ತಿಳಿಯುತ್ತದೆ, ಓದುತ್ತಾನೋ ಬಾಯಿಪಾಠವೋ ಅಂತ. ಆದರೆ ಹಾಗೆ ಪರೀಕ್ಷೆ ಮಾಡಲು ಹೋಗಬೇಡಿ, ಪಾಪ.

ಟ್ಯೂಷನ್ ಬೇಡ. ಹತ್ತರಿಂದ ನಾಲ್ಕರವರೆಗೆ ಕೂತು ಬಂದ ಮಗುವನ್ನು ಮತ್ತೆ ಕೂರಿಸುವುದು ಬೇಡ. ಆ ಹೊತ್ತಿನಲ್ಲಿ ಆಡಲಿ.

ದುಬೈಯಲ್ಲಿರುವ ಅಪ್ಪನಿಗೂ ಕೆಲಸ ಕೊಡಿ. ನಮಗೆ ರಾತ್ರಿ ಎಂಟೂವರೆ ಆದಾಗ ಅಲ್ಲಿ ಏಳು. ವೀಡಿಯೊ ಕಾಲಿನಲ್ಲಿ "ಚೆನ್ನಾಗಿ ಓದು" ಅಂತ ಹೇಳಿ ಮುಗಿಸುವ ಬದಲು ಡೈರಿಯ ಪುಟವನ್ನು ಅವಳು ಅಪ್ಪನಿಗೆ ಓದಿ ಹೇಳಲಿ. ಅವರು ಅದರ ಬಗ್ಗೆ ಒಂದು ಪ್ರಶ್ನೆ ಕೇಳಲಿ. "ಯಾವ ಮರ? ಬಾವಿಯ ಹತ್ತಿರದ್ದಾ?" ಆ ಪ್ರಶ್ನೆಯೇ ಮರುದಿನದ ಡೈರಿ. ಮಾತಾಡಲು ಆಗದ ದಿನ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಸಾಕು, ಎರಡು ನಿಮಿಷದ ಕತೆ. ಮಗು ಅದನ್ನು ಹತ್ತು ಸಲ ಕೇಳುತ್ತದೆ.

ಯಾವಾಗ ಚಿಂತೆ ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. ತುಳುವಿನಲ್ಲೂ ಪೂರ್ತಿ ವಾಕ್ಯ ಆಡದಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ, ಪುಸ್ತಕ ಮೂಗಿಗೆ ತಾಗಿಸಿ ಹಿಡಿದರೆ ಕಾಯಬೇಡಿ. ಟೀಚರಿಗೆ ಹೇಳಿ, ಕಿವಿ ಕಣ್ಣು ತೋರಿಸಿ. ಬಿ.ಆರ್.ಸಿ.ಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗಾಗಿಯೇ ವಿಶೇಷ ಶಿಕ್ಷಕರು ಇರುತ್ತಾರೆ. ಜುಲೈಯಲ್ಲಿ ಹತ್ತು ಅಕ್ಷರ ಬಾರದ್ದು, 3 ಮತ್ತು 7 ತಿರುಗಿಸಿ ಬರೆಯುವುದು, ಇವು ಆ ಪಟ್ಟಿಗೆ ಸೇರುವುದಿಲ್ಲ.

ಓಣಂ ರಜೆಗೆ ಮೊದಲು ಪರೀಕ್ಷೆ ಇರುತ್ತದೆ. ಆಮೇಲೆ ಸಿ.ಪಿ.ಟಿ.ಎ. (ಕ್ಲಾಸಿನ ಹೆತ್ತವರು ಮತ್ತು ಟೀಚರುಗಳ ಸಂಘ) ಮೀಟಿಂಗಿಗೆ ಕರೆಯುತ್ತಾರೆ. ಒಂದು ದಿನದ ಬೀಡಿ ಹೋದರೆ ಹೋಗಲಿ, ಹೋಗಿ. ಹಿಂದಿನ ಬೆಂಚಿನಲ್ಲಿ ಕೂತು ಸಹಿ ಹಾಕಿ ಬರಬೇಡಿ. ಡೈರಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಜೂನಿನ ಒಂದು ಪುಟ, ಈಗಿನ ಒಂದು ಪುಟ ಟೀಚರ ಮುಂದೆ ಬಿಡಿಸಿ ಇಡಿ. ಎಷ್ಟು ಮಾರ್ಕು ಅಂತ ಕೇಳುವ ಮೊದಲು, ಕ್ಲಾಸಿನಲ್ಲಿ ಇವಳು ಮಾತಾಡುತ್ತಾಳಾ, ಯಾರ ಜತೆ ಆಡುತ್ತಾಳೆ ಅಂತ ಕೇಳಿ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಕತೆ ಹೇಳುವ ಅಜ್ಜಿ ಸಿಕ್ಕಿದರೆ ಒಂದನೇ ಕ್ಲಾಸಿನ ಟೀಚರು ಸುಮ್ನೆ ಬಿಡುವುದಿಲ್ಲ. ಮುಂದಿನ ವಾರ ಒಂದು ಗಂಟೆ ಬರಲಿಕ್ಕಾಗುತ್ತದಾ ಅಂತ ಅಲ್ಲೇ ಕೇಳಿಬಿಡುತ್ತಾರೆ.